ನೀರು ಬಿಡುವ ಹಂಪಯ್ಯ ಸೀದಾ ಈಜಲು ಕಲಿತದ್ದು

ರಾಯಚೂರಿನ ಬೀದಿಗಳಿಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಗಿರಣಿಗಳ ಕಡೆಯಿಂದ ಬೆಂದ ಭತ್ತದ ಬೆಚ್ಚನೆಯ ವಾಸನೆ ತೇಲಿ ಬರುತ್ತಿದೆ. ಸ್ಟೇಷನ್ ರಸ್ತೆಯಲ್ಲಿ ಒಂದೇ ಒಂದು ಆಟೊ ಕೆಮ್ಮುತ್ತಾ ಹೊರಟಿದೆ. ಓಣಿಯ ತಿರುವಿನಲ್ಲಿ ಹಂಪಯ್ಯ ಸೈಕಲ್ ನಿಲ್ಲಿಸಿ, ಉದ್ದನೆಯ ಕಬ್ಬಿಣದ ಚಾವಿಯನ್ನು ನೆಲದ ಗುಂಡಿಯೊಳಗೆ ಇಳಿಸುತ್ತಾರೆ. ವಾಲ್ವ್ ತಿರುಗಿಸಿದ ಮೇಲೂ ತಕ್ಷಣ ಹೊರಡುವುದಿಲ್ಲ. ಬಾಗಿ, ಚಾವಿಯ ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾರೆ. ನಿದ್ದೆಯಲ್ಲಿರುವ ಮನೆಗಳ ಕೆಳಗೆ ನೀರು ನಡೆದು ಬರುವ ಸದ್ದು ಅವರಿಗೆ ಕೇಳಬೇಕು.

"ಮೊದಲು ಬರೇ ಗಾಳಿ ಊದ್ತದ್ರೀ. ಆಮ್ಯಾಲ ಗುಳುಗುಳು ಅಂತದ. ಅದನ್ನ ಕೇಳಿದ ಮ್ಯಾಲss ನನಗ ಬೆಳಗಾಗಾದು" ಎನ್ನುತ್ತಾರೆ ಹಂಪಯ್ಯ. ಅಷ್ಟರಲ್ಲಿ ಯಾರದೋ ಅಂಗಳದ ನಲ್ಲಿ ಉಸಿರೆಳೆದು ನೀರು ಕಾರುತ್ತದೆ, ಕೊಡಗಳ ಸದ್ದು ಏಳುತ್ತದೆ, ಹಂಪಯ್ಯ ಮುಂದಿನ ಓಣಿಗೆ ಪೆಡಲ್ ತುಳಿಯುತ್ತಾರೆ.

ಹದಿನೆಂಟು ವರ್ಷಗಳಿಂದ ಅವರ ಕೆಲಸ ಇದೇ. ನೀರು ಬಂದ ದಿನ ಅವರನ್ನು ಯಾರೂ ನೆನೆಯುವುದಿಲ್ಲ. ಬಾರದ ದಿನ ಮಾತ್ರ ಇಡೀ ಬಡಾವಣೆಗೆ ಅವರ ಹೆಸರು ಬಾಯಿಪಾಠ. ಪೈಪ್ ಒಡೆದರೂ ಅವರೇ ಹೊಣೆ, ಕರೆಂಟು ಹೋಗಿ ಪಂಪು ನಿಂತರೂ ಅವರೇ ಹೊಣೆ. ಬೈಸಿಕೊಂಡಾಗ ನಕ್ಕು ಸುಮ್ಮನಾಗುವುದನ್ನು ಅವರು ಎಂದೋ ರೂಢಿ ಮಾಡಿಕೊಂಡಿದ್ದಾರೆ. "ಬೈಯಾಕ ಯಾರರ ಒಬ್ಬರು ಬೇಕಲ್ರೀ ಜನಕ್ಕ. ನಾನು ಹತ್ತಿರ ಸಿಗ್ತೀನಿ" ಎನ್ನುವಾಗ ದನಿಯಲ್ಲಿ ಕಹಿಯಿಲ್ಲ.

ಈ ಮನುಷ್ಯನಿಗೆ ಟ್ರಯಥ್ಲಾನ್ ಎಂಬ ಹುಚ್ಚು ಹಿಡಿದದ್ದು ಸೈಕಲ್ಲಿನಿಂದಲೇ. ಬೆಳಗಿನ ಹೊತ್ತು ಲಿಂಗಸುಗೂರು ರಸ್ತೆಯಲ್ಲಿ ಕೆಲವು ಡಾಕ್ಟರರು, ಬ್ಯಾಂಕಿನವರು ಗೇರಿನ ಸೈಕಲ್ ತುಳಿಯುತ್ತಾರೆ. ಒಂದು ದಿನ ಗೇರಿಲ್ಲದ ಸೈಕಲ್ಲಿಗೆ ಕಬ್ಬಿಣದ ಚಾವಿ ಕಟ್ಟಿಕೊಂಡ ಒಬ್ಬ ಅವರನ್ನೆಲ್ಲ ಹಿಂದೆ ಹಾಕಿ ಹೋದ. ಬೆನ್ನಟ್ಟಿ ಹಿಡಿದು ವಿಚಾರಿಸಿದರು. ತಮ್ಮಲ್ಲೊಬ್ಬರ ಹಳೆಯ ಸೈಕಲ್ ಕೊಟ್ಟರು. ಈಜು, ಸೈಕಲ್, ಓಟ, ಮೂರನ್ನೂ ಒಂದರ ಹಿಂದೆ ಒಂದು, ನಡುವೆ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆಯೊಂದಿದೆ, ನೀನೂ ಬಾ ಎಂದರು. ಸುಮಾರು ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ಕಿಲೋಮೀಟರ್ ಓಟ. ಹಂಪಯ್ಯ ಸೈಕಲ್ಲಿಗೆ ಹೆದರಲಿಲ್ಲ, ಓಟಕ್ಕೂ ಹೆದರಲಿಲ್ಲ. ಈಜಂತೂ ಲೆಕ್ಕಕ್ಕೇ ಇರಲಿಲ್ಲ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಬಾವಿಯಲ್ಲಿ ಬೆಳೆದವರಿಗೆ ಈಜು ಯಾರು ಹೇಳಿಕೊಡಬೇಕು?

ಕಳೆದ ಚಳಿಗಾಲದಲ್ಲಿ, ದೂರದ ಊರಿನ ಜಲಾಶಯವೊಂದರಲ್ಲಿ, ಆ ಧೈರ್ಯ ಇಳಿದುಹೋಯಿತು. ನೀರಿಗೆ ಬಿದ್ದವರೆಲ್ಲ ಕೇಸರಿ ಬಣ್ಣದ ಗುರುತಿನ ಬಲೂನಿನತ್ತ ಹೋಗುತ್ತಿದ್ದರೆ ಹಂಪಯ್ಯ ಬಲಕ್ಕೆ, ಬಲಕ್ಕೆ, ಮತ್ತೂ ಬಲಕ್ಕೆ ಸಾಗಿ ಜೊಂಡಿನಲ್ಲಿ ಸಿಕ್ಕಿಕೊಂಡರು. ದೋಣಿಯವರು ಕೂಗಿ ತಿರುಗಿಸಿದರು. ಮತ್ತೆ ಬಲಕ್ಕೇ ಹೋದರು. ಕೊಟ್ಟ ಸಮಯ ಮುಗಿಯಿತು. ದೋಣಿಗೆ ಎಳೆದುಕೊಂಡು ದಂಡೆಗೆ ತಂದು ಬಿಟ್ಟರು. ಈಜು ಮುಗಿಸದವರಿಗೆ ಸೈಕಲ್ ಇಲ್ಲ, ಓಟವೂ ಇಲ್ಲ.

"ಊರಿಗೆಲ್ಲ ನೀರು ಬಿಡಾವ ನಾನು. ನನ್ನss ನೀರಿನಿಂದ ಎತ್ತಿ ಹೊರಗ ಹಾಕಿದ್ರು" ಎನ್ನುತ್ತಾರೆ. ಅಂದು ಆದ ನಾಚಿಕೆ ಇನ್ನೂ ಆರಿಲ್ಲ. ಮತ್ತೊಂದು ಸ್ಪರ್ಧೆ ಮುಂದಿನ ತಿಂಗಳು ಬರಲಿದೆ. ಈ ಸಲವೂ ನೀರಿನಲ್ಲೇ ನಿಂತುಹೋದರೆ ಇನ್ನು ಈ ಆಸೆಯನ್ನೇ ಬಿಡುವುದೆಂದು ಹೆಂಡತಿ ಸೌಭಾಗ್ಯಳಿಗೆ ಮಾತು ಕೊಟ್ಟುಬಿಟ್ಟಿದ್ದಾರೆ.

ಅವರಿಗೆ ಈಜನ್ನು ಮೊದಲಿನಿಂದ ಕಲಿಸುತ್ತಿರುವವರು ಮಹಬೂಬೀ. ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿ, ಹಂಪಯ್ಯನವರಿಗೆ 'ಆಪಾ', ಅಂದರೆ ಅಕ್ಕ. ನಗರದ ಈಜುಕೊಳದಲ್ಲಿ ಮೊದಲ ದಿನ ಇವರನ್ನು ನೋಡಿ ಆಕೆ ನಕ್ಕಿದ್ದರಂತೆ. ತಲೆ ಮೇಲೆ, ಕಾಲು ಕೆಳಗೆ, ಕೈಯಿಂದ ನೀರನ್ನು ಪಟಪಟನೆ ಹೊಡೆಯುವುದು, ಉಸಿರನ್ನು ಎದೆಯಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಬಾವಿಗೆ ಧುಮುಕಿ ಏಳಲು ಅದು ಸಾಕು, ಎರಡು ಕಿಲೋಮೀಟರಿಗೆ ಸಾಲದು.

"ಉಸಿರು ನೀರಾಗss ಬಿಡ್ರಿ ಹಂಪಯ್ಯ. ಒಳಗ ಇಟ್ಕೊಂಡು ಏನು ಬಡ್ಡಿಗೆ ಕೊಡ್ತೀರೇನು?" ಎಂದು ದಡದಲ್ಲಿ ನಿಂತು ಮಹಬೂಬೀ ಗದರುತ್ತಿದ್ದರು. ತಲೆ ಇಳಿಸಿದರೆ ಕಾಲು ತಾನಾಗಿ ಮೇಲೆ ಬರುತ್ತದೆ, ಕೈ ಮುಂದೆ ಚಾಚಿ ಒಂದು ಗಳಿಗೆ ಮೈಯನ್ನು ಜಾರಲು ಬಿಡಬೇಕು, ಬರಿಯ ತೋಳಿನಿಂದಲ್ಲ, ಬೆನ್ನಿನಿಂದ ನೀರನ್ನು ಹಿಂದಕ್ಕೆ ತಳ್ಳಬೇಕು. ತಿಂಗಳುಗಟ್ಟಲೆ ಇದೇ ಪಾಠ. ಕೆಲಸ ಮುಗಿಸಿ ಬಂದ ದಣಿದ ಮೈ ನಿಧಾನವಾಗಿ ಒಪ್ಪಿಕೊಂಡಿತು. ಈಗ ಹಂಪಯ್ಯ ನೀರಿನೊಳಗೆ ಗುಳ್ಳೆ ಬಿಡುತ್ತಾ, ನೀಲಿ ತಳದ ಮೇಲೆ ತಮ್ಮದೇ ನೆರಳು ಹಿಂದೆ ಸರಿಯುವುದನ್ನು ನೋಡುತ್ತಾ ಹೋಗುತ್ತಾರೆ. "ಒಳಗ ಯಾರೂ ಕೂಗಂಗಿಲ್ರೀ. ನಿದ್ದಿನೂ ಅಲ್ಲ, ಎಚ್ಚರನೂ ಅಲ್ಲ, ಹಂಗ ಇರ್ತದ" ಎನ್ನುವಾಗ ಅವರ ಕಣ್ಣು ಎಲ್ಲೋ ಇರುತ್ತದೆ.

ಆದರೆ ಬಲಕ್ಕೆ ಸರಿಯುವುದು ಮಾತ್ರ ಹೋಗಲಿಲ್ಲ. ಈಜುಕೊಳದಲ್ಲಿ ತಳದ ಗೆರೆ ದಾರಿ ತೋರಿಸುತ್ತದೆ. ಕೆರೆಯಲ್ಲಿ ಗೆರೆ ಎಲ್ಲಿದೆ? ಹಂಪಯ್ಯ ಯಾವಾಗಲೂ ಎಡಕ್ಕೇ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳುವುದನ್ನು ಮಹಬೂಬೀ ಗಮನಿಸಿದ್ದರು. ಬಲಕ್ಕೂ ತೆಗೆದುಕೊಳ್ಳಿ ಎಂದರೆ ಅವರಿಗೆ ನೀರು ಕುಡಿದಷ್ಟು ಗಾಬರಿ. ಒಂದು ಸಂಜೆ ಆಕೆಗೆ ತಾಳ್ಮೆ ತಪ್ಪಿತು. "ಆ ಕಡಿ ಯಾರದಾರಂತ ಅಷ್ಟು ನೋಡ್ತೀರಿ?"

ಹಂಪಯ್ಯ ಮತ್ತೆ ನೀರಿಗೆ ಮುಖವಿಟ್ಟು ಹೊರಟರು, ಎಡಕ್ಕೇ ಉಸಿರೆಳೆಯುತ್ತಾ. ಮುಂದಿನ ರಜೆಗೆ ಜಾಲಹಳ್ಳಿಗೆ ಹೋದಾಗ, ಹಳೆಯ ದುಂಡು ಬಾವಿಯಲ್ಲಿ ಸುಮ್ಮನೆ ಇಳಿದು ಒಂದು ಸುತ್ತು ಹಾಕಿದರು. ಅಣ್ಣ ರಾಮಣ್ಣ ಮೇಲಿನ ಅಂಚಿನಲ್ಲಿ ಬೀಡಿ ಸೇದುತ್ತಾ, ಮಾತಾಡುತ್ತಾ, ತಮ್ಮನ ಜೊತೆಜೊತೆಗೇ ಹೆಜ್ಜೆ ಹಾಕಿದ. ಹಂಪಯ್ಯನವರ ಕೈ ನಿಂತುಹೋಯಿತು. ಆರು ವರ್ಷದ ಹುಡುಗನಾಗಿದ್ದಾಗ ನಡುವಿಗೆ ಹಗ್ಗ ಬಿಗಿದು ಈಜು ಕಲಿಸಿದವನು ಇದೇ ಅಣ್ಣ. ಹಗ್ಗದ ತುದಿ ಹಿಡಿದು ಬಾವಿಯ ಅಂಚಿನಲ್ಲಿ ಸುತ್ತು ಬರುತ್ತಿದ್ದ. ಹುಡುಗ ಕೆಳಗೆ ಗೋಡೆಯುದ್ದಕ್ಕೂ ಈಜುತ್ತಾ, ಉಸಿರಿಗೊಮ್ಮೆ ಎಡಕ್ಕೆ ಮುಖವೆತ್ತಿ ಅಣ್ಣ ಇದ್ದಾನೆಯೇ ಎಂದು ನೋಡುತ್ತಿದ್ದ. ಗೋಡೆ ಎಡಕ್ಕಿದ್ದರೆ ಸುತ್ತುವುದು ಬಲಕ್ಕೇ. ಹಗ್ಗ ಬಿಚ್ಚಿ ಮೂವತ್ತೇಳು ವರ್ಷವಾದರೂ ಮೈ ಬಾವಿಯಲ್ಲೇ ಉಳಿದಿತ್ತು.

ಇದನ್ನು ಕೇಳಿ ಮಹಬೂಬೀ ನಗಲಿಲ್ಲ. ಸ್ವಲ್ಪ ಯೋಚಿಸಿ, "ಹಂಗಾದ್ರ ನಿಮ್ಮಣ್ಣನ್ನ ಮಗ್ಗಲದಿಂದ ಎಬ್ಬಿಸಿ ಮುಂದ ಕುಂದರ್ಸೂಣು ಬರ್ರಿ" ಎಂದರು.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಕಡೆಯ ಕೆರೆಯೊಂದರಲ್ಲಿ ಭಾನುವಾರದ ಅಭ್ಯಾಸ ಶುರುವಾಯಿತು. ಬಸ್ಸು ಬದಲಿಸಿ ಬಂದ ರಾಮಣ್ಣ ಆಚೆ ದಂಡೆಯ ಬೇವಿನ ಗಿಡದ ಕೆಳಗೆ ಕೂರುವುದು. ಹಂಪಯ್ಯ ಈಚೆಯಿಂದ ಹೊರಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಸಿರು ತೆಗೆದುಕೊಂಡು, ನಡುನಡುವೆ ಕಣ್ಣಷ್ಟೇ ನೀರಿನ ಮೇಲೆತ್ತಿ ಅಣ್ಣನನ್ನು ನೋಡಿ, ಸೀದಾ ಅವನತ್ತ ಬರುವುದು. ಮೀನುಗಾರರ ಹರಿಗೋಲಿನಲ್ಲಿ ಮಹಬೂಬೀ ಹಿಂದೆ. ಮೊದಲ ವಾರಗಳಲ್ಲಿ ಹಂಪಯ್ಯ ಬೇವಿನ ಗಿಡದಿಂದ ಬಲು ದೂರದ ಕೆಸರಿನಲ್ಲಿ ಏಳುತ್ತಿದ್ದರು. "ಲೇ ಹಂಪಾ, ನಾ ಇಲ್ಲಿದೀನಲೇ!" ಎಂದು ರಾಮಣ್ಣ ಧೋತರ ಎತ್ತಿಕೊಂಡು ಓಡುತ್ತಿದ್ದ. ವಾರ ವಾರ ಆ ದೂರ ಕಡಿಮೆಯಾಗುತ್ತಾ ಬಂತು.

ಕಳೆದ ಭಾನುವಾರ ಕೆರೆಯ ಮೇಲೆ ತೆಳ್ಳನೆಯ ಮಂಜು. ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯದಂಥ ಬೆಳಗು. ಹಂಪಯ್ಯ ಸದ್ದಿಲ್ಲದೆ ನೀರಿಗಿಳಿಯುತ್ತಾರೆ. ಹರಿಗೋಲು ತನ್ನ ಸುತ್ತ ತಾನೇ ತಿರುಗುತ್ತಾ ಬರುತ್ತಿದೆ. ಮುಂದೆ ಅವರ ಕೈಗಳು ಮಾತ್ರ ಅವಸರವಿಲ್ಲದೆ ಏಳುತ್ತವೆ, ಇಳಿಯುತ್ತವೆ. ಅರ್ಧ ದಾರಿಯಲ್ಲಿ ಮಹಬೂಬೀ ತಲೆಯೆತ್ತಿ ನೋಡಿದರೆ ಬೇವಿನ ಬುಡ ಖಾಲಿ. ರಾಮಣ್ಣನ ಸುಳಿವೇ ಇಲ್ಲ. ಕೂಗಲು ಬಾಯಿ ತೆರೆದ ಆಕೆ, ಹಂಪಯ್ಯ ಸೀದಾ ಗಿಡದತ್ತಲೇ ಹೋಗುತ್ತಿರುವುದನ್ನು ಕಂಡು, ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಾರೆ.

ಹಂಪಯ್ಯ ಸರಿಯಾಗಿ ಬೇವಿನ ಗಿಡದ ಮುಂದೆಯೇ ಎದ್ದು ನಿಲ್ಲುತ್ತಾರೆ. ಈಜುಗನ್ನಡಕ ತೆಗೆದು ಅತ್ತಿತ್ತ ನೋಡುತ್ತಾರೆ. "ಅಣ್ಣ ಎಲ್ರೀ?"

ಅಣ್ಣ ಊರ ಕಡೆಯ ದಾರಿಯಲ್ಲಿ ಕೈಯಲ್ಲೊಂದು ಪೊಟ್ಟಣ ಹಿಡಿದು ಏದುಸಿರು ಬಿಡುತ್ತಾ ಬರುತ್ತಿದ್ದಾನೆ. "ಹಸದು ಬರ್ತಾನಂತ ಒಗ್ಗಾಣಿ ತರಾಕ ಹೋಗಿದ್ನೆವ್ವಾ. ಇಷ್ಟು ಲಗೂ ಬರ್ತಾನಂತ ನನಗೇನು ಗೊತ್ತು?"

"ಮತ್ತ ನೀವು ಯಾರನ್ನ ನೋಡ್ಕೊಂತ ಬಂದ್ರಿ?" ಎಂದು ಮಹಬೂಬೀ ಕೇಳುತ್ತಾರೆ.

"ಗಿಡ ಕಾಣ್ತಿತ್ತು, ಬಂದೆ. ಅಣ್ಣ ಅದಾನೋ ಇಲ್ಲೋ ನೋಡಬೇಕಂತ ನೆನಪss ಆಗ್ಲಿಲ್ರೀ ಆಪಾ."

"ಅಂದ್ರ ನನ್ನ ಮರತss ಬಿಟ್ಟಿ ಅನ್ನು" ಎಂದು ರಾಮಣ್ಣ ಹುಸಿಮುನಿಸು ತೋರಿಸುತ್ತಲೇ ತಮ್ಮನ ತೊಯ್ದ ತಲೆಯನ್ನು ತನ್ನ ಟವೆಲಿನಿಂದ ಒರೆಸುತ್ತಾನೆ. ಮೂವರೂ ಅಲ್ಲೇ ಕುಳಿತು ಬಿಸಿ ಮಂಡಕ್ಕಿ ಒಗ್ಗಾಣಿ ಹಂಚಿಕೊಂಡು ತಿನ್ನುತ್ತಾರೆ.

ಗೆಲ್ಲುವ ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಹಂಪಯ್ಯ ನಾಚಿಕೊಳ್ಳುತ್ತಾರೆ. ಪದಕ ಬೇಡ, ಫೋಟೊ ಬೇಡ.

"ಹೋದ ವರ್ಷ ನನ್ನ ದೋಣ್ಯಾಗ ತಂದು ಇಳಿಸಿದಾಗ ಎಲ್ಲಾರ ಸೈಕಲ್ಲೂ ಹೋಗಿಬಿಟ್ಟಿದ್ವು. ಅಷ್ಟು ದೊಡ್ಡ ಬಯಲಾಗ ನಂದು ಒಂದss ನಿಂತಿತ್ತು. ನಾನು ಮೈ ಒಣಗಿದ ಮ್ಯಾಲ ಹೋಗಿ ಅದನ್ನ ತಳ್ಕೊಂಡು ಬಂದೆ. ಈ ಸಲ ತೊಯ್ದ ಕೈಲೆ ಅದರ ಹ್ಯಾಂಡಲ್ ಹಿಡೀಬೇಕ್ರೀ. ಅಷ್ಟss."