ನಿಂತಿದೆ ಅಂತ ಹೇಳಿತು

ನಮ್ಮ ಮ್ಯಾನೇಜರನ್ನು ನಾನು ಕೊನೆಯವರೆಗೂ ಸಾರ್ ಅಂತಲೇ ಕರೆದೆ. ಆ ಕಂಪನಿಯಲ್ಲಿ ಯಾರನ್ನೂ ಸಾರ್ ಅನ್ನಬಾರದು, ಎಲ್ಲರನ್ನೂ ಹೆಸರು ಹಿಡಿದೇ ಕೂಗಬೇಕು ಎಂಬ ನಿಯಮವಿತ್ತು, ಅದು ಸಮಾನತೆಯಂತೆ. ಆತನ ಹೆಸರು ನನ್ನ ಬಾಯಿಗೆ ಬರುವಷ್ಟು ಸಲಿಗೆ ನನಗೆ ಬೇಡವಾಗಿತ್ತು. ಆತ ಮಾತ್ರ ಅದನ್ನು ಗೌರವ ಅಂದುಕೊಂಡು ಖುಷಿಯಾಗಿದ್ದ.

ವೈಟ್‌ಫೀಲ್ಡಿಗೆ ಆಗಿನ್ನೂ ಮೆಟ್ರೋ ಬಂದಿರಲಿಲ್ಲ. ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿದ್ದ ವರ್ಷಗಳವು. ನಾನು ವರ್ತೂರಿನಲ್ಲಿ ಒಂದು ರೂಮು ಹಿಡಿದಿದ್ದೆ. ವಾರದ ಕೊನೆಗೆ ಬಸ್ಸು ಬದಲಿಸುತ್ತಾ ಚಿಕ್ಕಬಾಣಾವರದ ಮನೆಗೆ ಹೋಗುತ್ತಿದ್ದೆ. ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರ್ ಅವರು ಹೇಳಿದ ಹಾಗೆ ನಡೆಯುತ್ತದೋ ಇಲ್ಲವೋ ನೋಡಿ ಹೇಳುವುದು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದವರನ್ನು ಅಡುಗೆಯವರು ಹೇಗೆ ನೋಡುತ್ತಾರೋ ಹಾಗೆ ನಮ್ಮನ್ನು ನೋಡುತ್ತಿದ್ದರು.

ನಾವು ತಯಾರಿಸುತ್ತಿದ್ದುದು ಒಂದು ಡೇಟಾಬೇಸ್. ಅದರ ಮಾಹಿತಿಯೆಲ್ಲ ಒಂದೇ ಮೆಷಿನ್ನಿನಲ್ಲಿ ಇರುತ್ತಿರಲಿಲ್ಲ, ಎಂಟು ಮೆಷಿನ್ನುಗಳಲ್ಲಿ ಹಂಚಿಹೋಗಿರುತ್ತಿತ್ತು. ನೀವು ಒಂದು ಕ್ವೆರಿ, ಅಂದರೆ ಒಂದು ಪ್ರಶ್ನೆ ಹಾಕಿದರೆ, ಒಂದು ಮೆಷಿನ್ ಅದನ್ನು ತೆಗೆದುಕೊಂಡು ಮಿಕ್ಕ ಏಳಕ್ಕೂ ಕೆಲಸ ಹಂಚಿ, ಅವು ಕೊಟ್ಟ ಉತ್ತರಗಳನ್ನು ಕೂಡಿಸಿ ನಿಮಗೆ ಕೊಡುತ್ತಿತ್ತು. ಆ ವರ್ಷ ನಮ್ಮಲ್ಲಿ ಎಲ್ಲರ ಬಾಯಲ್ಲೂ ಟೈಮ್‌ಔಟಿನದೇ ಮಾತು. ಪ್ರತಿ ಕ್ವೆರಿಗೂ ಬೇರೆ ಬೇರೆ ಗಡುವು ಹಾಕಬಹುದು: ಇದಕ್ಕೆ ಎರಡು ಸೆಕೆಂಡು, ಅದಕ್ಕೆ ಇಪ್ಪತ್ತು. ಗಡುವು ಮೀರಿತೋ, ಕೆಲಸ ನಿಲ್ಲಿಸಿ ‘ಸಮಯ ಮುಗಿಯಿತು’ ಅಂತ ಹೇಳಬೇಕು. ಇಷ್ಟೇ ವಿಷಯ. ಇಷ್ಟನ್ನು ವಿವರಿಸಲು ನಮ್ಮ ಆರ್ಕಿಟೆಕ್ಟ್ ಮೀಟಿಂಗ್ ರೂಮಿನ ಗಾಜಿನ ಗೋಡೆಯ ಮೇಲೆ ಒಂದು ವಾರ ಚೌಕ ಬರೆದ.

ಇಡೀ ಡೇಟಾಬೇಸಿನ ನಕ್ಷೆ ಹಾಕಿದವನು ಆತನೇ. ಅದನ್ನು ಒಂದು ದಿನವಾದರೂ ತಾನೇ ಓಡಿಸಿ ನೋಡಿದ್ದನ್ನು ನಾನಂತೂ ಕಾಣೆ. ಏನಾದರೂ ಕೇಳಿದರೆ ಮೊದಲು ಕಣ್ಣು ಮುಚ್ಚುತ್ತಿದ್ದ, ಆಮೇಲೆ ನೀವು ಓದಿದ್ದು ಯಾವ ಕಾಲೇಜು ಅಂತ ಕೇಳುತ್ತಿದ್ದ. ನನ್ನ ಕಾಲೇಜಿನ ಹೆಸರು ಹೇಳಿದಾಗ ಮತ್ತೆ ಕಣ್ಣು ಮುಚ್ಚಿದ್ದ.

ಟೈಮ್‌ಔಟಿಗೆ ಟೆಸ್ಟುಗಳನ್ನು ಬರೆದವಳು ನಾನು. ಬೇಕಂತಲೇ ನಿಧಾನವಾಗಿ ಓಡುವ ಕ್ವೆರಿ ಹಾಕುವುದು, ಗಡುವು ಎರಡು ಸೆಕೆಂಡು ಕೊಡುವುದು, ಎರಡು ಸೆಕೆಂಡಿಗೆ ‘ಸಮಯ ಮುಗಿಯಿತು’ ಬಂತೋ ನೋಡುವುದು. ಬಂತು. ಒಂದೊಂದಾಗಿ ಓಡಿಸಿದಾಗ ಎಲ್ಲ ಟೆಸ್ಟುಗಳೂ ಪಾಸಾದವು. ಎಲ್ಲವನ್ನೂ ನಡುವೆ ಬಿಡುವಿಲ್ಲದೆ, ಒಂದರ ಹಿಂದೊಂದು ಓಡಿಸಿದ ದಿನ ಮಾತ್ರ ಕೊನೆಯ ಆರೇಳು ಟೆಸ್ಟುಗಳು ಬಿದ್ದುಹೋದವು. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರಬೇಕಾದ ಸಣ್ಣ ಕ್ವೆರಿಗಳು. ಅವುಗಳಿಗೂ ‘ಸಮಯ ಮುಗಿಯಿತು’.

ಮ್ಯಾನೇಜರ್ ನನ್ನ ಹಿಂದೆ ನಿಂತು ಸ್ಕ್ರೀನು ನೋಡಿದ. "ಗಡುವು ಎಷ್ಟು ಕೊಟ್ಟಿದೀಯಾ?"

"ಎರಡು ಸೆಕೆಂಡು, ಸಾರ್."

"ನೋಡಮ್ಮಾ, ನೆಟ್‌ವರ್ಕ್ ಒಂದೊಂದ್ಸಲ ಸ್ಲೋ ಇರುತ್ತೆ. ಐದು ಮಾಡ್ಬಿಡು."

ಐದು ಮಾಡಿದೆ. ಎರಡು ಟೆಸ್ಟು ಪಾಸಾದವು. ಮಾರನೇ ದಿನ ಹತ್ತು ಮಾಡಿಸಿದ. ಅದರ ಮಾರನೇ ದಿನ, ಬಿದ್ದ ಟೆಸ್ಟನ್ನು ಮೂರು ಸಲ ಓಡಿಸಿ ಒಂದು ಸಲ ಪಾಸಾದರೂ ಪಾಸು ಅಂತ ಬರೆದುಕೋ ಅಂದ. ಗಡುವು ಮೀರದಂತೆ ನೋಡಿಕೊಳ್ಳುವುದನ್ನು ಪರೀಕ್ಷಿಸಲು ಕೂತವರು ನಾವು. ಪರೀಕ್ಷೆ ಬಿದ್ದಾಗ ಮಾಡುತ್ತಿದ್ದುದು ಗಡುವನ್ನೇ ಹಿಗ್ಗಿಸುವ ಕೆಲಸ. ಇದರಲ್ಲಿ ನಗುವಂಥದ್ದೇನಾದರೂ ಇದೆ ಅಂತ ಆ ಮಹಡಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ನನಗೆ ಅನ್ನಿಸಿತು, ಆದರೂ ಹೇಳಿದ ಸಂಖ್ಯೆ ಹಾಕುತ್ತಾ ಹೋದೆ.

ಆ ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಕೆಳಗಿಳಿದಿದ್ದರು. ಒಂದು ನಿಧಾನದ ಕ್ವೆರಿ ಹಾಕಿ, ‘ಸಮಯ ಮುಗಿಯಿತು’ ಬಂದ ಮೇಲೆ, ಸುಮ್ಮನೆ ಇರಲಾರದೆ ಮಿಕ್ಕ ಏಳು ಮೆಷಿನ್ನುಗಳಿಗೂ ಒಂದೊಂದಾಗಿ ಲಾಗಿನ್ ಆಗಿ ನೋಡಿದೆ. ಏಳರಲ್ಲೂ ಆ ಕ್ವೆರಿ ಇನ್ನೂ ಓಡುತ್ತಿತ್ತು. ಮೊದಲನೇ ಮೆಷಿನ್ ಕೇಳಿದವರಿಗೆ ಮುಗಿಯಿತು ಅಂತ ಹೇಳಿ ಕೈತೊಳೆದುಕೊಂಡಿತ್ತು, ಕೆಲಸ ಮಾಡುತ್ತಿದ್ದವರಿಗೆ ನಿಲ್ಲಿಸಿ ಅಂತ ಹೇಳಿಯೇ ಇರಲಿಲ್ಲ. ಹೇಳುವ ಸಾಲನ್ನು ಯಾರೂ ಬರೆದೇ ಇರಲಿಲ್ಲ. ಬೆಳಗಿನಿಂದ ನಾನು ಹಾಕಿದ್ದ ಕ್ವೆರಿಗಳೆಲ್ಲ ಅಲ್ಲೇ ಸಾಲಾಗಿ ಕೂತಿದ್ದವು, ಯಾರಿಗೂ ಬೇಡವಾದ ಉತ್ತರವನ್ನು ಶ್ರದ್ಧೆಯಿಂದ ಲೆಕ್ಕ ಹಾಕುತ್ತಾ. ಸಣ್ಣ ಕ್ವೆರಿಗಳಿಗೆ ಜಾಗ ಸಿಗದೇ ಹೋದದ್ದು ಅದಕ್ಕೇ.

ಅದನ್ನು ಹಿಡಿಯಲು ಒಂದು ಹೊಸ ಟೆಸ್ಟು ಬರೆದೆ: ಸಮಯ ಮುಗಿದ ಮೇಲೆ ಎಂಟೂ ಮೆಷಿನ್ನುಗಳಲ್ಲಿ ಆ ಕ್ವೆರಿ ನಿಜವಾಗಿ ನಿಂತಿದೆಯೋ ನೋಡು. ಓಡಿಸಿದ ಒಂದೊಂದು ಸಲವೂ ಬಿತ್ತು. ಆರ್ಕಿಟೆಕ್ಟಿಗೆ ತೋರಿಸಿದೆ. ಆತ ಕಣ್ಣು ಮುಚ್ಚಿ, "ಅವು ಒಂದಲ್ಲ ಒಂದು ಹೊತ್ತಿಗೆ ತಾವಾಗೇ ಮುಗಿಯುತ್ತವೆ. ಡಿಸೈನೇ ಹಾಗಿದೆ" ಅಂದ. ಒಂದಲ್ಲ ಒಂದು ಹೊತ್ತಿಗೆ ತಾನಾಗೇ ಮುಗಿಯುವುದಾದರೆ ಗಡುವು ಯಾಕೆ ಬೇಕಿತ್ತು ಅಂತ ಕೇಳಿದೆ. ಅವತ್ತು ಕಾಲೇಜಿನ ಹೆಸರು ಕೇಳಲಿಲ್ಲ, ಮೊದಲೇ ಗೊತ್ತಿತ್ತಲ್ಲ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದ. ನಾನು ‘ದೋಷ’ ಅಂತ ದಾಖಲಿಸಿದ್ದನ್ನು ಆತ ಆಗಲೇ ‘ಅಬ್ಸರ್ವೇಶನ್’ ಅಂತ ತಿದ್ದಿದ್ದ. ದೋಷವಾದರೆ ರಿಲೀಸ್ ನಿಲ್ಲುತ್ತದೆ, ಅಬ್ಸರ್ವೇಶನ್ ಆದರೆ ನಿಲ್ಲುವುದಿಲ್ಲ.

"ಈ ಒಂದು ಟೆಸ್ಟ್ ಸ್ಕಿಪ್ ಅಂತ ಹಾಕಿ ರಿಪೋರ್ಟಿಗೆ ಸೈನ್ ಮಾಡಮ್ಮಾ. ನಿಂಗೆ ಎಲ್ಲದರಲ್ಲೂ ತಪ್ಪು ಹುಡುಕೋ ಬುದ್ಧಿ ಯಾಕೆ?"

ತಪ್ಪು ಹುಡುಕುವುದಕ್ಕೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು ಅಂತ ಹೇಳಬಹುದಿತ್ತು. ಸ್ಕಿಪ್ ಅಂತ ಹಾಕಿದೆ, ಸೈನ್ ಮಾಡಿದೆ. ಅವರನ್ನೆಲ್ಲ ಇಷ್ಟು ಹೀನಾಯವಾಗಿ ಕಾಣುತ್ತಿದ್ದ ನಾನು ಅದನ್ನು ಮಾಡಲು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ.

ನಮ್ಮಪ್ಪ ಪೀಣ್ಯದ ಒಂದು ಬೋಲ್ಟ್ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಮೆಷಿನ್ನಿನಿಂದ ಬಂದ ಬೋಲ್ಟನ್ನು ಅಳೆದು ನೋಡಿ, ಸರಿಯಿದ್ದರೆ ಒಂದು ಕಡೆ, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ ಹಾಕುವುದು. ಆ ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದ ಮನೆಯ ಮುಂದೆ ಸ್ಕೂಟರ್ ತೊಳೆಯುತ್ತಾ, ಮುಖ ಯಾಕೆ ಹಾಗಿದೆ ಅಂತ ಕೇಳಿದರು. ಎಲ್ಲ ಹೇಳಿದೆ. ಡೇಟಾಬೇಸ್ ಅವರಿಗೆ ಗೊತ್ತಿಲ್ಲ, ಆದರೆ ನಿಲ್ಲುವುದು ಗೊತ್ತು.

"ನಮ್ಮಲ್ಲಿ ಸ್ವಿಚ್ ಒತ್ತಿದ್ಮೇಲೂ ಮೆಷಿನ್ ತಿರುಗ್ತಾ ಇದ್ರೆ ಕೆಟ್ಟಿದೆ ಅಂತೀವಪ್ಪ. ನಿಮ್ಮಲ್ಲಿ ಏನಂತಾರೆ?"

"ಅಬ್ಸರ್ವೇಶನ್ ಅಂತಾರೆ."

ನಕ್ಕರು. ಆಮೇಲೆ, "ರಿಪೋರ್ಟಿನ ಮೇಲೆ ಸೈನ್ ಯಾರ್ದು?" ಅಂದರು.

"ನಂದೇ."

ಬಟ್ಟೆ ಹಿಂಡುತ್ತಿದ್ದ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಅವರು ಸ್ಕೂಟರಿನ ಕಡೆಗೇ ನೋಡುತ್ತಾ ಹೇಳಿದರು: "ನಾನೂ ಒಂದ್ಸಲ ಹಾಕಿದ್ದೆ ಕಣಮ್ಮ. ಅಳತೆ ತಪ್ಪಿದ್ದ ಒಂದು ಲಾಟ್ ಬೋಲ್ಟು, ಬಸ್ಸಿನ ಚಕ್ರಕ್ಕೆ ಹೋಗೋದು. ಸೂಪರ್‌ವೈಸರ್ ಅರ್ಜೆಂಟು ಅಂದ. ಯಾವ ಬಸ್ಸಿಗೆ ಹೋಯ್ತೋ ಗೊತ್ತಾಗಲಿಲ್ಲ. ಈಗ್ಲೂ ಬಸ್ ಹತ್ತುವಾಗ ಚಕ್ರದ ಕಡೆ ಕಣ್ಣು ಹೋಗುತ್ತೆ."

ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದರು.

ಎರಡು ವಾರದ ನಂತರ ಗಿರಾಕಿಗಳು ಬಂದರು. ಊರೂರಿಗೆ ಪಾರ್ಸಲ್ ಸಾಗಿಸುವ ಒಂದು ಕಂಪನಿ. ಯಾವ ಪಾರ್ಸಲ್ ಎಲ್ಲಿದೆ ಅಂತ ಹುಡುಕಲು ನಮ್ಮ ಡೇಟಾಬೇಸ್ ಕೊಳ್ಳಬೇಕು ಅಂತಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಡೆಮೊ. ಅವರ ಕಡೆಯಿಂದ ಬಂದ ಇಂಜಿನಿಯರ್ ಹುಬ್ಬಳ್ಳಿ ಕಡೆಯ ಹೆಂಗಸು, ಐವತ್ತರ ಆಸುಪಾಸು, ಇಳಕಲ್ ಸೀರೆ, ಕುತ್ತಿಗೆಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ. ನಮ್ಮ ಮ್ಯಾನೇಜರ್ ಆಕೆಯನ್ನು ಅಕೌಂಟ್ಸಿನವರು ಅಂದುಕೊಂಡು ಬಾಗಿಲ ಹತ್ತಿರದ ಕುರ್ಚಿ ತೋರಿಸಿದ.

ಆರ್ಕಿಟೆಕ್ಟ್ ನಲವತ್ತು ನಿಮಿಷ ಚೌಕ ತೋರಿಸಿದ. ಆಮೇಲೆ, ಕೀಬೋರ್ಡಿನ ಮುಂದೆ ಕೂರಿಸಿದ್ದ ನನ್ನಿಂದ ಒಂದು ನಿಧಾನದ ಕ್ವೆರಿ ಹಾಕಿಸಿದ, ಎರಡು ಸೆಕೆಂಡಿನ ಗಡುವು. ಸರಿಯಾಗಿ ಎರಡು ಸೆಕೆಂಡಿಗೆ ‘ಸಮಯ ಮುಗಿಯಿತು’ ಬಂತು. ಮ್ಯಾನೇಜರ್ ಚಪ್ಪಾಳೆ ತಟ್ಟಿದ.

ಆ ಹೆಂಗಸು ಇಂಗ್ಲಿಷಿನಲ್ಲಿ, ಮಿಕ್ಕ ಮೆಷಿನ್ನುಗಳಲ್ಲೂ ಕೆಲಸ ನಿಂತಿತೇ ಅಂತ ಕೇಳಿದರು. ಆರ್ಕಿಟೆಕ್ಟ್ ಐದು ನಿಮಿಷ ಮಾತಾಡಿದ. ಅದರಲ್ಲಿ ಹೌದು ಅನ್ನುವುದೂ ಇರಲಿಲ್ಲ, ಇಲ್ಲ ಅನ್ನುವುದೂ ಇರಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು, ಮುಂದಿದ್ದ ಟೆಸ್ಟ್ ರಿಪೋರ್ಟಿನ ಕೊನೇ ಪುಟ ತಿರುವಿ, ಅಲ್ಲಿದ್ದ ಸೈನು ಯಾರದು ಅಂತ ವಿಚಾರಿಸಿ ನನ್ನ ಕಡೆ ತಿರುಗಿದರು.

"ಅಲ್ಲವ್ವಾ, ನಿಂತೈತಿ ಅಂತ ಹೇಳ್ತು. ಖರೇನ ನಿಂತೈತೇನು?"

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೆದರಿಕೆ ಕೂಡ ಇರಲಿಲ್ಲ, ಹೇಳಿದ ಹಾಗೆ ಕೇಳುತ್ತಾಳೆ ಎಂಬ ಭರವಸೆ ಇತ್ತು. ನನ್ನ ಬಾಯಿ ಬಿಡಿಸಿದ್ದು ಆ ಭರವಸೆಯೇ ಇರಬೇಕು.

"ಇಲ್ಲ ಮೇಡಂ. ನಿಂತಿಲ್ಲ."

ಆಕೆ ಎದ್ದು ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ಅದೇ ಕ್ವೆರಿಯನ್ನು ಹತ್ತು ಸಲ ಹಾಕಲು ಹೇಳಿದರು. ಹತ್ತಕ್ಕೂ ಸರಿಯಾದ ಹೊತ್ತಿಗೆ ‘ಸಮಯ ಮುಗಿಯಿತು’. ಹನ್ನೊಂದನೆಯದಾಗಿ, ಒಂದೇ ಒಂದು ಪಾರ್ಸಲ್ ಎಲ್ಲಿದೆ ಅಂತ ಕೇಳಿಸಿದರು. ಅದಕ್ಕೂ ‘ಸಮಯ ಮುಗಿಯಿತು’. ಮಿಕ್ಕ ಏಳು ಮೆಷಿನ್ನುಗಳನ್ನು ತೆರೆದು ತೋರಿಸಿದೆ.

"ನೆಟ್‌ವರ್ಕ್ ಇರಬಹುದು" ಅಂದ ಆರ್ಕಿಟೆಕ್ಟ್. ಎಂಟೂ ಮೆಷಿನ್ನುಗಳು ಅದೇ ಕಟ್ಟಡದಲ್ಲಿ, ಒಂದೇ ಕಪಾಟಿನಲ್ಲಿದ್ದವು.

ಆಕೆ ಕನ್ನಡಕ ತೆಗೆದು ಹೇಳಿದರು: "ಹತ್ತು ಮಂದಿಗೆ ಬಾಗಲಾ ಹಾಕೇವಿ, ಮನೀಗ್ ಹೋಗ್ರಿ ಅಂತ ಹೇಳೀರಿ. ಒಳಗ ಅವರ ಕೆಲಸ ಇನ್ನೂ ನಡದೈತಿ. ಹನ್ನೊಂದನೇದಾಂವ ಬಂದ್ರ ಎಲ್ಲಿ ಕೂಡ್ಬೇಕ್ರಿ?"

ನಲವತ್ತು ನಿಮಿಷದ ಚೌಕಗಳಿಗಿಂತ ಅದು ಚೆನ್ನಾಗಿ ಅರ್ಥವಾಯಿತು. ಆಕೆ ಸಿಟ್ಟಾಗಲಿಲ್ಲ. ಇದನ್ನು ಸರಿಮಾಡಿ ಮೂರು ವಾರದಲ್ಲಿ ತೋರಿಸಿ, ಸ್ಕಿಪ್ ಮಾಡಿದ ಟೆಸ್ಟನ್ನು ನಮ್ಮೆದುರಿಗೆ ಓಡಿಸಿ, ಆಮೇಲೆ ಮಾತಾಡೋಣ ಅಂದರು. ಹೋಗುವಾಗ ನನ್ನ ಕಡೆ ಬೆರಳು ತೋರಿಸಿ, "ಗೊತ್ತಿದ್ದೂ ಸೈನ್ ಮಾಡೀಯಲ್ಲ" ಅಂದರು. ಅಷ್ಟೇ. ಶಭಾಷ್ ಅನ್ನುತ್ತಾರೆ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ ಅನ್ನುವುದು ಆಗ ನನಗೇ ಗೊತ್ತಾಗಿ ನಾಚಿಕೆಯಾಯಿತು.

ಸರಿಮಾಡುವುದು ದೊಡ್ಡ ಕೆಲಸವೇನೂ ಆಗಿರಲಿಲ್ಲ. ಮೊದಲನೇ ಮೆಷಿನ್ ಮಿಕ್ಕವಕ್ಕೆ ನಿಲ್ಲಿಸಿ ಅಂತ ಒಂದು ಸಂದೇಶ ಕಳಿಸಬೇಕು, ಅವು ಆಗಾಗ ಅದನ್ನು ನೋಡಿಕೊಳ್ಳಬೇಕು. ಆರ್ಕಿಟೆಕ್ಟ್ ಅದಕ್ಕೆ ಒಂದು ಉದ್ದನೆಯ ಹೆಸರಿಟ್ಟು ಹೊಸ ಚೌಕ ಬರೆದ. ನನ್ನ ಟೆಸ್ಟು ಪಾಸಾಯಿತು, ಗಿರಾಕಿಗಳು ಒಪ್ಪಿದರು. ಮೂರು ತಿಂಗಳ ನಂತರ ಕಂಪನಿಯ ಸಭೆಯಲ್ಲಿ ಆತನಿಗೆ ಗಾಜಿನ ಒಂದು ಸ್ಮರಣಿಕೆ ಕೊಟ್ಟು, ಮುಂದಿನದನ್ನು ಮೊದಲೇ ಕಂಡವರು ಅಂತ ಹೊಗಳಿದರು. ಆತನ ಸ್ಲೈಡಿನಲ್ಲಿ ನನ್ನ ಟೆಸ್ಟಿನ ಚಿತ್ರವಿತ್ತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ, ಪಕ್ಕದಲ್ಲಿದ್ದವರು ತಟ್ಟುತ್ತಿದ್ದರು ಅಂತ.

ವರ್ಷದ ವಿಮರ್ಶೆಯಲ್ಲಿ ಮ್ಯಾನೇಜರ್ ನನ್ನ ಬಗ್ಗೆ ‘ತಂಡದ ಜೊತೆ ಹೊಂದಿಕೊಳ್ಳುವುದಿಲ್ಲ’ ಅಂತ ಬರೆದ. ಓದಿ ತೋರಿಸುವಾಗ ಆತನ ದನಿಯಲ್ಲಿ ದುಃಖ ಬೇರೆ ಇತ್ತು. ನನ್ನನ್ನು ಪ್ರಿಂಟಾದ ರಿಪೋರ್ಟುಗಳ ಅಂಚು ಸರಿಯಿದೆಯೋ ನೋಡುವ ತಂಡಕ್ಕೆ ಹಾಕಿದರು. ಅಲ್ಲಿ ಹತ್ತು ತಿಂಗಳು ಅಂಚು ನೋಡಿ, ಬೇರೆ ಕಂಪನಿ ಸಿಕ್ಕ ಮೇಲೆ ಬಿಟ್ಟೆ. ಹೊಸ ಕಡೆಯಲ್ಲೂ ಮೊದಲ ವಾರವೇ ಒಂದು ಟೆಸ್ಟನ್ನು ಸ್ಕಿಪ್ ಮಾಡು ಅಂದರು. ಆಗಲ್ಲ ಅಂದೆ. ಆಕಾಶವೇನೂ ಬೀಳಲಿಲ್ಲ, ಸರಿ ಬಿಡಿ ಅಂದರು, ಅಷ್ಟೇ. ಹಿಂದೆಯೂ ಅಷ್ಟೇ ಆಗುತ್ತಿತ್ತೋ ಏನೋ, ನಾನು ಆಗಲ್ಲ ಅಂದು ನೋಡಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ವೈಟ್‌ಫೀಲ್ಡಿನ ತರಕಾರಿ ಅಂಗಡಿಯಲ್ಲಿ ಆ ಆರ್ಕಿಟೆಕ್ಟ್ ಸಿಕ್ಕ. ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದ. ಕಣ್ಣು ತೆರೆದು ನನ್ನನ್ನು ನೋಡಿ, ಎಲ್ಲೋ ನೋಡಿದ ಹಾಗಿದೆ ಅಂತ ಯೋಚಿಸಿ, "ನೀವು ಡಾಕ್ಯುಮೆಂಟೇಶನ್ನಿನಲ್ಲಿ ಇದ್ದಿರಿ ಅಲ್ವಾ?" ಅಂದ.

"ಹೌದು" ಅಂದೆ. ಮೆಂತ್ಯ ಸೊಪ್ಪು ಆರಿಸಿಕೊಂಡು ಹೊರಟೆ.