ಮುಂಬೈಯಲ್ಲಿ ಕೊನೆಯ ಸಲ ನೀರು ಕುಡಿದ ಜಾಗ

ನಡೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಕುರಿ ಹಿಂದೆ ನಡೆದು ಬೆಳೆದವಳು ನಾನು. ಆಮೇಲೆ ಪಾವಗಡದ ಕಡೆ ಹಳ್ಳಿ ಶಾಲೆಗಳಲ್ಲಿ ಟೀಚರಾಗಿ, ಬಸ್ಸು ಕೈಕೊಟ್ಟ ದಿನಗಳಲ್ಲೆಲ್ಲ ನಡೆದೇ ಹೋಗಿ ಗಂಟೆ ಬಾರಿಸಿದ್ದೇನೆ. ನಿವೃತ್ತಿಯಾದ ವರ್ಷ ಗಂಡ ಹೆಂಡತಿ ಮುಂಬೈ ನೋಡಿ ಬರೋಣವೆಂದು ಹೊರಟಾಗ, "ಅಷ್ಟು ದೊಡ್ಡೂರಲ್ಲಿ ಹೆಂಗೆ ತಿರುಗಾಡ್ತೀರಾ ಟೀಚರ್?" ಎಂದು ಕೇಳಿದವರಿಗೆಲ್ಲ ನಾನು ನನ್ನ ಕಾಲು ತೋರಿಸಿದೆ.

ಪಾವಗಡದಿಂದ ಬಸ್ಸಿನಲ್ಲಿ ಹಿಂದೂಪುರ, ಅಲ್ಲಿಂದ ರೈಲು. ಮುಂಬೈಯಲ್ಲಿಳಿದು ನಿಲ್ದಾಣದ ಹಿಂದಿನ ಗಲ್ಲಿಯೊಂದರಲ್ಲಿ ಲಾಡ್ಜ್ ಹಿಡಿದೆವು. ನಮ್ಮ ಕಡೆ ದಾರಿ ತಪ್ಪಬೇಕೆಂದರೂ ಕಷ್ಟ. ಮಧುಗಿರಿಯಲ್ಲಿ ಬೆಟ್ಟವಿದೆ, ಪಾವಗಡದಲ್ಲಿ ಕೋಟೆಯಿದೆ. ಅದು ಯಾವ ಭುಜದ ಕಡೆಗಿದೆ ಎಂದು ನೋಡಿಕೊಂಡರೆ ಸಾಕು. ಇಲ್ಲಿ ಬೆಟ್ಟ ಕಾಣದ್ದರಿಂದ ನಿಲ್ದಾಣದ ದೊಡ್ಡ ಗುಮ್ಮಟವನ್ನೇ ಬೆಟ್ಟ ಮಾಡಿಕೊಂಡೆ. ಆಟೋದವನ ಹಂಗಿಲ್ಲದೆ, ದಾರಿ ಬದಿಯ ಕಟ್ಟಡಗಳ ಕಮಾನುಗಳ ನೆರಳಿನಲ್ಲೇ ನಡೆದು ಬೆಳಗ್ಗೆ ಸಮುದ್ರಕ್ಕೆ ಹೋಗಿ ಬಂದೆವು. ನನ್ನವರು ಅಲೆಗಳನ್ನು ಬಹಳ ಹೊತ್ತು ನೋಡಿ, "ಇಷ್ಟು ನೀರಿದ್ರೂ ಒಂದು ಸಾಲು ಕಡ್ಲೆಕಾಯ್ಗೆ ಆಗಲ್ಲ" ಎಂದರು. ಆ ಊರಿನ ಬಗ್ಗೆ ಅವರಿಗಿದ್ದ ದೂರು ಅದೊಂದೇ.

ನಾವಿಬ್ಬರೂ ನಡೆಯುವ ರೀತಿ ಬೇರೆ. ನನ್ನವರು ಬೇಸಾಯದ ಮನೆಯವರು. ನೇಗಿಲ ಹಿಂದೆ ಹೋಗುವವರ ಹಾಗೆ ನೆಟ್ಟ ನೋಟದಲ್ಲಿ ಮುಂದೆ ನಡೆಯುತ್ತಾರೆ, ಹಿಂದೆ ತಿರುಗುವ ಅಭ್ಯಾಸವೇ ಇಲ್ಲ. ನಮ್ಮ ಹಟ್ಟಿಯಲ್ಲಿ ಮಂದೆಯ ಹೊಣೆ ಹೊತ್ತವರು ಹಿಂದೆ ನಡೆಯಬೇಕು. ಮುಂದಿರುವುದೆಲ್ಲ ಕಣ್ಣಿಗೆ ಬೀಳುತ್ತಿರಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಕಾಡಿನಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಹುಡುಕುತ್ತಾ ಅಲೆಯಬಾರದು. ಕೊನೆಯ ಸಲ ನೀರು ಕುಡಿದ ಜಾಗಕ್ಕೆ ವಾಪಸು ಹೋಗಿ ಕೂತುಬಿಡಬೇಕು. ತಪ್ಪಿಸಿಕೊಂಡ ಕುರಿಯೂ ಅಲ್ಲಿಗೇ ಬರುತ್ತದೆ, ಮನುಷ್ಯರೂ ಅಲ್ಲಿಗೇ ಬರುತ್ತಾರೆ. ಮದುವೆಯಾದಾಗಿನಿಂದ ಸಂತೆಗೆ ಹೊರಟರೂ ಬೀಗರ ಮನೆಗೆ ಹೊರಟರೂ ನಾನು ಇದನ್ನು ಹೇಳುವುದು, ಅವರು ನಗುವುದು. ಲಾಡ್ಜಿನ ಮೆಟ್ಟಿಲಿಳಿಯುವಾಗಲೂ ಅದೇ ಆಯಿತು.

"ನಾನೇನ್ ಕುರಿನಾ? ತಪ್ಪಿಸ್ಕೊಂಡ್ರೆ ನೆಟ್ಟಗೆ ರೂಮಿಗ್ ಬತ್ತೀನಿ ಬುಡು" ಎಂದರು.

ಸಮುದ್ರದಿಂದ ಬಂದ ಮೇಲೆ ಮಾರುಕಟ್ಟೆಯ ಕಡೆ ನಡೆದೆವು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಹಿಂದೆ ಯಾವಾಗಲೋ ಕಟ್ಟಿಸಿದ ಕಲ್ಲಿನ ಅರವಟ್ಟಿಗೆಯೊಂದಿತ್ತು. ಇಬ್ಬರೂ ಬೊಗಸೆಯೊಡ್ಡಿ ನೀರು ಕುಡಿದು ಮುಖ ತೊಳೆದುಕೊಂಡೆವು. ಇನ್ನೂ ಮುಂದೆ ಹೋಗಿ ನಾನು ಕಬ್ಬಿನ ಹಾಲು ಕುಡಿದೆ. ಜನ ಜಾಸ್ತಿಯಾಗುತ್ತಾ ಬಂತು. ನನ್ನವರ ಬಿಳಿ ಅಂಗಿಯ ಜೇಬಿನಲ್ಲಿ ಇಣುಕುತ್ತಿದ್ದ ಮೊಬೈಲು ಕಳ್ಳರ ಪಾಲಾದೀತೆಂದು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಅಷ್ಟರಲ್ಲಿ ಕಂಡದ್ದು ಆಡು. ಅಂಗಡಿಯೊಂದರ ಮುಂದೆ, ಫುಟ್‌ಪಾತಿನ ಕಂಬಕ್ಕೆ ಕಟ್ಟಿದ್ದರು. ಉದ್ದ ಕಿವಿ, ಎತ್ತರದ ಮೈ, ನಮ್ಮ ಸೀಮೆಯಲ್ಲಿ ಇಲ್ಲದ ತಳಿ. ಒಂದು ಆಡನ್ನು ನೋಡಿ ಸುಮ್ಮನೆ ದಾಟಿಹೋಗಲು ನಮ್ಮ ಹಟ್ಟಿಯಲ್ಲಿ ಹುಟ್ಟಿದವರಿಗೆ ಸಾಧ್ಯವಿಲ್ಲ. ಬೆನ್ನು ಒತ್ತಿ ನೋಡಿದೆ. ತುಟಿ ಎತ್ತಿ ಹಲ್ಲು ನೋಡಿ, ಇನ್ನೂ ಎರಡೇ ಹಲ್ಲು, ಎಳೇದು ಅಂದುಕೊಂಡೆ. ಅಂಗಡಿಯ ಸಾಹೇಬರು ಹೊರಗೆ ಬಂದರು. ಸಿರಾ ಸಂತೆಯಲ್ಲಿ ಕಲಿತ ನನ್ನ ಮುರುಕು ಉರ್ದುವಿನಲ್ಲಿ ಮೇವೇನು, ತೂಕವೆಷ್ಟು ಎಂದು ವಿಚಾರಿಸಿದೆ. ಅವರಿಗೂ ಖುಷಿಯಾಗಿ ಒಳಗಿದ್ದ ಇನ್ನೊಂದನ್ನು ತಂದು ತೋರಿಸಿದರು. ಅದರ ಹಲ್ಲನ್ನೂ ನೋಡಿ ತಲೆಯೆತ್ತಿದರೆ ಮುಂದೆ ನನ್ನವರಿಲ್ಲ.

ಫೋನ್ ಮಾಡಿದೆ. ನನ್ನ ಚೀಲವೇ ರಿಂಗಾಯಿತು. ಅದೇ ಚೀಲದಲ್ಲಿ ಅವರ ಮಾತ್ರೆ, ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ಚಪಾತಿ, ಲಾಡ್ಜಿನ ಕಾರ್ಡು ಎಲ್ಲವೂ ಇದ್ದವು. ಅವರಿಗೆ ಶುಗರ್ ಇದೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಓದಲು ಬರುವುದು ಕನ್ನಡ, ತೆಲುಗು ಎರಡೇ. ರೂಮಿಗೆ ಹೋಗುತ್ತೇನೆಂದು ಹೊರಟರೆ ಆ ಗಲ್ಲಿಗಳಲ್ಲಿ ಯಾವ ಬೋರ್ಡು ನೋಡಿ ಹುಡುಕಿಯಾರು? ಕಾಯುವವಳು ಹಿಂದಿದ್ದೂ ಮುಂದಿದ್ದ ಒಂದೇ ಒಂದು ಜೀವವನ್ನು ಕಳೆದುಕೊಂಡಿದ್ದೆ, ಅದೂ ಯಾರದೋ ಆಡಿನ ಹಲ್ಲು ನೋಡುತ್ತಾ.

ಓಡಿ ಹುಡುಕಬೇಕೆಂದು ಕಾಲು ಎಳೆಯುತ್ತಿತ್ತು. ಕಟ್ಟಳೆ ಕಟ್ಟಳೆಯೇ, ಕೊನೆಯ ಸಲ ಕುಡಿದದ್ದು ಅಲ್ಲೇ ಎಂದು ಹಲ್ಲು ಕಚ್ಚಿ ಕಬ್ಬಿನ ಹಾಲಿನ ಗಾಡಿಗೆ ವಾಪಸು ಬಂದು ನಿಂತೆ. ನಿಂತೇ ಇದ್ದೆ. ನೂರಾರು ಬಿಳಿ ಅಂಗಿಗಳು ದಾಟಿಹೋದವು, ಒಂದೂ ನನ್ನವರದಲ್ಲ. ಮೂವತ್ತು ವರ್ಷ ಹೇಳಿದ ಮಾತನ್ನು ಅವರು ಒಂದು ದಿನವಾದರೂ ಕಿವಿಗೆ ಹಾಕಿಕೊಂಡಿದ್ದರೆ ತಾನೇ ಇಲ್ಲಿಗೆ ಬರುವುದು ಎಂದು ಅವರ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು. ಗಾಡಿಯವನು ಪಾಪವೆನಿಸಿ ಇನ್ನೊಂದು ಲೋಟ ಕಬ್ಬಿನ ಹಾಲು ಚಾಚಿದ. ಬೇಡವೆಂದು ಕೈ ಅಡ್ಡ ಹಿಡಿದಾಗ ನೆನಪಾಯಿತು. ಮೊದಲು ಬಂದಾಗ ಇದೇ ಗಾಡಿಯ ಮುಂದೆ ನನ್ನವರೂ ಹೀಗೆಯೇ ಕೈ ಅಡ್ಡ ಹಿಡಿದಿದ್ದರು. ಶುಗರ್ ಇರುವವರು ಕಬ್ಬಿನ ಹಾಲು ಕುಡಿಯುತ್ತಾರೆಯೇ? ಇಲ್ಲಿ ಕುಡಿದವಳು ನಾನೊಬ್ಬಳೇ.

ಗುಮ್ಮಟವನ್ನು ಎಡಭುಜಕ್ಕೆ ಹಾಕಿಕೊಂಡು ಓಡುನಡಿಗೆಯಲ್ಲಿ ಅರವಟ್ಟಿಗೆಗೆ ಬಂದೆ.

ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರು. ಬೆವರಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು. ಪಕ್ಕದಲ್ಲಿ ಕೂತು ಚಪಾತಿ ಮುರಿದು ಕೈಗಿಟ್ಟೆ. ಅರ್ಧ ತಿಂದ ಮೇಲೆ ನಡುಕ ನಿಂತಿತು.

"ಏಮೇ, ಇಷ್ಟೊತ್ತಾ?" ಎಂದರು. ಹೆದರಿದಾಗ ಅವರಿಗೆ ಮೊದಲು ಬರುವುದು ತೆಲುಗು.

"ಕುರಿ ಅಲ್ಲ ಅಂತಿದ್ರಲ್ಲ, ರೂಮಿಗ್ ಹೋಗ್ದೆ ಇಲ್ಯಾಕೆ ಕೂತಿದ್ರಿ?" ಎಂದೆ.

"ನಾನ್ ರೂಮಿಗ್ ಹೋದ್ರೆ ನೀನು ಈ ನೀರ್ ಬುಟ್ಟು ಬತ್ತಿರ್ಲಿಲ್ಲ. ಸಾಯೋಗಂಟ ಇಲ್ಲೇ ಕೂತಿರ್ತಿದ್ದೆ. ನಂಗೊತ್ತಿಲ್ವಾ ನಿನ್ನ?"

ನಾನು ಕಬ್ಬಿನ ಗಾಡಿಯ ಮುಂದೆ ಕಾದದ್ದನ್ನು ಹೇಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವರು ಎದ್ದು ಬೊಗಸೆ ತುಂಬ ನೀರು ಕುಡಿದರು, ನನಗೂ ಕುಡಿಯಲು ಹೇಳಿದರು. ಮಾರುಕಟ್ಟೆ ನೋಡುವುದು ಇನ್ನೂ ಬಾಕಿಯಿತ್ತು. ಎಂದಿನಂತೆ ಅವರು ಮುಂದೆ ಹೊರಡಲಿ ಎಂದು ನಾನು ಪಕ್ಕಕ್ಕೆ ಸರಿದು ನಿಂತೆ. ಅವರು ಅಲುಗಾಡಲಿಲ್ಲ.

"ನೀನ್ ಮುಂದೆ ನಡಿ" ಎಂದರು. "ಆಡು ಕಂಡ್ರೆ ನಿಂತ್ಬುಡ್ತೀಯ. ನಾನ್ ಹಿಂದೆ ಇರ್ತೀನಿ."

ಮುಂದೆ ನಡೆದು ನನಗೆ ಅಭ್ಯಾಸವಿಲ್ಲ. ಆ ಜನಜಂಗುಳಿಯಲ್ಲಿ ತಿರುಗಿ ತಿರುಗಿ ನೋಡುತ್ತಾ ಹೋದೆ. ನೋಡಿದಾಗಲೆಲ್ಲ ಅವರ ಕಣ್ಣು ನನ್ನ ಮೇಲೆಯೇ ಇತ್ತು.