ಹಾಲಿನೊಳಗಿನ ಕಾಲುಂಗುರ

ಅತ್ತೆ, ಎರಡು ವರ್ಷದಿಂದ ನಮ್ಮ ಮನೆಯ ಹಾಲಿನ ತಪ್ಪಲೆಯಲ್ಲಿ ಇರುವುದು ನಿಮ್ಮ ಅವ್ವ ಕೊಟ್ಟ ಬೆಳ್ಳಿ ರೂಪಾಯಿ ಅಲ್ಲ. ಅದು ನನ್ನ ಕಾಲುಂಗುರ. ಹೌದು, ಕಾಲಿನ ಬೆರಳಿಗೆ ಹಾಕುವ ಉಂಗುರವೇ. ಆ ಹಾಲನ್ನು ನೀವು ಕುಡಿದಿದ್ದೀರಿ, ನಿಮ್ಮ ಮಗ ಕುಡಿದಿದ್ದಾರೆ, ಶುಕ್ರವಾರ ಶುಕ್ರವಾರ ದೇವರ ಮುಂದೆಯೂ ಇಟ್ಟಿದ್ದೀರಿ — ದೇವರು ಇದುವರೆಗೂ ತಕರಾರು ಮಾಡಿಲ್ಲ, ನನಗಿದ್ದ ಧೈರ್ಯ ಅದೊಂದೇ.

ನಾನು ಬಾಗೂರಿಗೆ ಸೊಸೆಯಾಗಿ ಬಂದ ಮಾರನೆಯ ದಿನವೇ ನೀವು ಆ ರೂಪಾಯಿಯನ್ನು ನನ್ನ ಅಂಗೈಗೆ ಹಾಕಿ, "ಬೆಳ್ಳಿ ಬಿದ್ದ ಆಲು ಒಡೆಯಾಕಿಲ್ಲ ಕಣೇ ಮಂಜಿ, ಇದ ಜ್ವಾಪಾನವಾಗಿ ನೋಡ್ಕೊ" ಅಂದಿರಿ. ನನ್ನ ತವರಿನವರು ಕೊಟ್ಟ ಫ್ರಿಜ್ ಮನೆಯಲ್ಲಿತ್ತು. ಅದರಲ್ಲಿ ಹಾಲಿಡಲು ಹೋದರೆ, "ಆಸ್ಪತ್ರೇಲಿ ಎಣ ಮಡಗೋ ಪೆಟ್ಗೇಲಿ ಆಲು ಮಡಗ್ತಾರೇನೇ?" ಎಂದು ರೇಗಿದಿರಿ. ಅಂದಿನಿಂದ ಫ್ರಿಜ್ಜಿಗೆ ನೀರಿನ ಬಾಟಲಿ, ಕೊತ್ತಂಬರಿ ಸೊಪ್ಪು, ಹಾಲಿಗೆ ರೂಪಾಯಿ. ಹಾಲು ಕೆಡುತ್ತಿರಲಿಲ್ಲ ಎನ್ನುವುದೂ ನಿಜ. ಬೆಳ್ಳಿಯಿಂದಲೋ, ನಾನು ಬೆಳಿಗ್ಗೆ ಸಂಜೆ ತಪ್ಪದೆ ಕಾಯಿಸುತ್ತಿದ್ದುದರಿಂದಲೋ — ಆ ವಾದಕ್ಕೆ ನಾನು ಇಳಿಯಲಿಲ್ಲ.

ಆ ರೂಪಾಯಿ ಕಳೆದದ್ದು ಹೇಗೆಂದರೆ — ತಪ್ಪಲೆ ತೊಳೆಯುವಾಗ ರೂಪಾಯಿ ತೆಗೆದಿಡುವುದನ್ನು ಮರೆತೆ. ತೊಳೆದ ನೀರು ಕಲಗಚ್ಚಿನ ಬಾನಿಗೆ ಹೋಯಿತು, ಕಲಗಚ್ಚು ನಮ್ಮ ಹಸು ಗೌರಿಯ ಹೊಟ್ಟೆಗೆ ಹೋಯಿತು. ಹಸು ಬಾನಿಯ ತಳವನ್ನೂ ನೆಕ್ಕಿ ತೃಪ್ತಿಯಿಂದ ತಲೆಯೆತ್ತಿದಾಗ ನನಗೆ ಜ್ಞಾಪಕ ಬಂತು. ಆಮೇಲೆ ಎಷ್ಟೋ ದಿನ ಕಡ್ಡಿ ಹಿಡಿದು ಸಗಣಿ ಕೆದಕಿದೆ. ಅಷ್ಟು ಹೊತ್ತಿಗೆ ನಿಮ್ಮ ಕಣ್ಣಿಗೆ ಪೊರೆ ಬಂದಿತ್ತು. ನಾನು ಬಗ್ಗಿ ಏನೋ ಮಾಡುತ್ತಿರುವುದಷ್ಟೇ ಕಾಣುತ್ತಿತ್ತು. "ನಮ್ ಮಂಜಿ ಸಗಣೀಲೂ ಕಸ ಆರಿಸ್ತಾಳೆ, ಅಂತ ಅಚ್ಚುಕಟ್ಟು" ಎಂದು ಪಕ್ಕದ ಮನೆಯವರ ಹತ್ತಿರ ಹೊಗಳಿದಿರಿ. ಗೌರಿಗೆ ಏನೂ ಆಗಲಿಲ್ಲ, ರೂಪಾಯಿಯೂ ಸಿಗಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಹಾಲು ಬಗ್ಗಿಸುವಾಗ ತಳದಲ್ಲಿ ಠಣ್ ಅನ್ನುವ ಸದ್ದಿಗೆ ನೀವು ಕಿವಿಗೊಟ್ಟು ಕೂರುತ್ತಿದ್ದಿರಿ. ಆ ಸದ್ದು ಬಾರದೆ ಲೋಟ ಮುಟ್ಟುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಕೈಗೆ ಸಿಕ್ಕ ಬೆಳ್ಳಿ ಎಂದರೆ, ಬಿಗಿಯಾಯಿತೆಂದು ಬದಲಾಯಿಸಿ ಎತ್ತಿಟ್ಟಿದ್ದ ಮದುವೆಯ ಕಾಲುಂಗುರ. ಹುಣಸೆಹಣ್ಣು ಹಾಕಿ ತಿಕ್ಕಿದೆ, ವಿಭೂತಿ ಹಾಕಿ ಉಜ್ಜಿದೆ, ಕುದಿಯುವ ನೀರಿನಲ್ಲಿ ಮುಳುಗಿಸಿದೆ — ನನ್ನ ಮಗಳಿಗೂ ನಾನು ಅಷ್ಟು ಚೆನ್ನಾಗಿ ಎರೆದಿಲ್ಲ. ಕಣ್ಣು ಮುಚ್ಚಿ ಹಾಲಿಗೆ ಹಾಕಿದೆ.

"ಯಾಕ್ಲೇ ಮಂಜಿ, ರೂಪಾಯಿ ಸದ್ದು ಸಣ್ಣಗಾಗ್ಬುಟ್ಟದಲ್ಲ?" ಅಂದಿರಿ.

"ಬೆಳ್ಳಿ ಅಲ್ವಾ ಅತ್ತೆ, ಸವ್ದದೆ" ಅಂದೆ.

ನೀವು ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಿರಿ. "ನಮ್ಮವ್ವ ಕರಗಿ ಕರಗಿ ನಮ್ಮೊಟ್ಟೆ ಸೇರ್ತಾವ್ಳೆ ಕಣೇ" ಅಂದಿರಿ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದೆ. ಅತ್ತೆಯ ದುಃಖಕ್ಕೆ ಸೊಸೆ ಅತ್ತಳು ಎಂದುಕೊಂಡಿರಿ. ನಾನು ಓಡಿದ್ದು ನಗು ತಡೆಯಲಾರದೆ.

ಹೊಳೆನರಸೀಪುರದಿಂದ ನಿಮ್ಮ ತಂಗಿ ಬಂದಾಗಲಂತೂ ನನ್ನ ಜೀವ ಬಾಯಿಗೆ ಬಂದಿತ್ತು. ಎರಡು ಲೋಟ ಹಾಲು ಕುಡಿದು ಬಾಯಿ ಚಪ್ಪರಿಸಿ, "ಒಂದ್ ವಾರ ಆ ರೂಪಾಯಿ ಕೊಡಕ್ಕಾ, ಕೈಲಿಡ್ಕೊಂಡು ನೋಡ್ತೀನಿ" ಅಂದರು. "ನನ್ ಪ್ರಾಣ ಬೇಕಾರೆ ಕೇಳು, ಅದ ಕೇಳ್ಬ್ಯಾಡ" ಅಂದಿರಿ ನೀವು. ಆ ರಾತ್ರಿ ನಿಮಗೆ ಒಂದು ಮುದ್ದೆ ಜಾಸ್ತಿ ಬಡಿಸಿದೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಬಿಡುತ್ತಲೇ ಇರಲಿಲ್ಲವೇನೋ. ಕಾಲುಂಗುರದ್ದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ.

ಹಾಸನಕ್ಕೆ ಹೋಗಿ ಪೊರೆ ತೆಗೆಸೋಣ ಎಂದು ನಿಮ್ಮ ಮಗ ಅಂದಾಗಲೆಲ್ಲ ಅಡ್ಡ ಬಂದವಳು ನಾನು. ಬಿಸಿಲಿಗೆ ಅತ್ತೆಯ ಕಣ್ಣು ಉರಿಯುತ್ತದೆ, ಬಿಸಿಲು ಕಳೆಯಲಿ ಅಂದೆ. ಬಿಸಿಲು ಕಳೆದ ಮೇಲೆ ಮಳೆ ನಿಲ್ಲಲಿ ಅಂದೆ. ಮಳೆ ನಿಂತ ಮೇಲೆ ರಾಗಿ ಕುಯ್ಲು ಮುಗಿಯಲಿ ಅಂದೆ. ಕಣ್ಣು ಬಂದರೆ ನೀವು ಮೊದಲು ಬಗ್ಗಿ ನೋಡುವುದು ಆ ತಪ್ಪಲೆಯೊಳಗೇ ಎನ್ನುವ ಹೆದರಿಕೆ ನನಗೆ. ಅಷ್ಟರಲ್ಲಿ ನೀವು ಎರಡು ಸಲ ಹೊಸಿಲು ಎಡವಿ ಬಿದ್ದಿರಿ. ಮೊಮ್ಮಗಳು ಎದುರಿಗೆ ಬಂದು ನಿಂತರೂ, ಅವಳು ಮಾತಾಡುವವರೆಗೆ ಯಾರೆಂದು ತಿಳಿಯದೆ ಕಾಯುತ್ತಿದ್ದಿರಿ. ಅದನ್ನು ನಾನು ನೋಡುತ್ತಿದ್ದೆ. ನೋಡಿಯೂ —

ಕುಯ್ಲೂ ಮುಗಿಯಿತು, ನನ್ನ ನೆಪಗಳೂ ಮುಗಿದವು; ಮೊನ್ನೆ ಕೊನೆಗೂ ಹಾಸನದಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಡಾಕ್ಟರು, "ಪೊರೆ ಇಷ್ಟು ಬಲಿಯೋವರೆಗೂ ಯಾಕೆ ಬಿಟ್ರಿ ಅಜ್ಜಿ?" ಎಂದು ಕೇಳಿದರು. ನಾನು ಗೋಡೆ ನೋಡುತ್ತಾ ನಿಂತೆ. ನೀವು ಕಣ್ಣು ಮಿಟುಕಿಸಿ, ಸುತ್ತ ನೋಡಿ, ನನ್ನ ಮುಖ ಹುಡುಕಿ ಹಿಡಿದಿರಿ.

"ಇವ್ಳೇ ಸಾ, ನನ್ ಸೊಸೆ. ಬಿಸ್ಲಿಗೆ ಕಣ್ಣು ಉರೀತದೆ ಅಂತ ಬುಡ್ನೇ ಇಲ್ಲ. ಅಷ್ಟು ಪ್ರಾಣ ನನ್ ಮ್ಯಾಲೆ." ಆಮೇಲೆ ನನ್ನನ್ನೇ ದಿಟ್ಟಿಸಿ, "ಎಷ್ಟು ಸೊರಗೋಗಿದ್ದೀಯೇ ಮಂಜಿ, ನಂಗೆ ಕಾಣ್ನೇ ಇಲ್ವಲ್ಲ" ಅಂದಿರಿ.

ಈಗ ನೀವು ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಹಾಲಿಗೆ ಕಾಯುತ್ತಿದ್ದೀರಿ. ತಪ್ಪಲೆ ನನ್ನ ಕೈಯಲ್ಲಿದೆ, ಕಾಲುಂಗುರ ಅದರಲ್ಲೇ ಇದೆ — ತೆಗೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಇಷ್ಟು ಹೊತ್ತು ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ; ನಿಮ್ಮ ಎದುರಿಗೆ ಬಂದು ಮೊದಲು ಕಣ್ಣಿನ ವಿಷಯ ಹೇಳುತ್ತೇನೆ, ಆಮೇಲೆ ರೂಪಾಯಿಯದು. ರೂಪಾಯಿಗೆ ನೀವು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತೀರಿ, ಅದನ್ನು ತಡೆದುಕೊಳ್ಳಬಲ್ಲೆ. ಕಣ್ಣಿನದಕ್ಕೆ ನೀವು ಏನೂ ಅನ್ನದೆ ಸುಮ್ಮನಾಗಿಬಿಟ್ಟರೆ ಏನು ಮಾಡಲಿ, ಗೊತ್ತಿಲ್ಲ. ಆದರೂ ಬರುತ್ತಿದ್ದೇನೆ, ಅತ್ತೆ.